ಚರ್ಮದ ಫೋಟೋ ಡಾಕ್ಟರಿಗೆ ಕಳಿಸುತ್ತೀರಾ? ಮೊದಲು ಕಿಟಕಿ ಪಕ್ಕ ಬನ್ನಿ

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮನ ಮೀನಖಂಡದ ಮೇಲೆ ಒಂದು ಕಲೆ ಎದ್ದಿತ್ತು. ತುರಿಕೆ ಅಂದರೆ ವಿಪರೀತ ತುರಿಕೆ. ಅವರ ಊರಿನಿಂದ ಚರ್ಮದ ಡಾಕ್ಟರ ಹತ್ತಿರ ಬರಬೇಕೆಂದರೆ ಎರಡು ಬಸ್ಸು ಹತ್ತಿ ಇಳಿಯಬೇಕು, ಅದೂ ಆ ಮಳೆಯಲ್ಲಿ. ಹಾಗಾಗಿ ರಾತ್ರಿ ಊಟ ಆದ ಮೇಲೆ ಅಡುಗೆಮನೆಯ ಬಲ್ಬಿನ ಕೆಳಗೆ ಕೂತು, ಮೊಮ್ಮಗನ ಕೈಯಲ್ಲಿ ಫ್ಲ್ಯಾಶ್ ಹಾಕಿಸಿ ಒಂದು ಫೋಟೋ ತೆಗೆಸಿ ಕಳಿಸಿದರು. ಡಾಕ್ಟರಿಂದ ಒಂದೇ ಸಾಲಿನ ಉತ್ತರ ಬಂತು: "ಇದರಲ್ಲಿ ಏನೂ ಗೊತ್ತಾಗುತ್ತಿಲ್ಲ ಅಮ್ಮ, ಇನ್ನೊಂದು ಕಳಿಸಿ."

ದೊಡ್ಡಮ್ಮ ನನಗೆ ಫೋನ್ ಮಾಡಿದರು. "ಅಲ್ವೋ ಮಗಾ, ಫೋಟೋ ಅಷ್ಟು ಬೆಳ್ಳಗೆ ಬಂದಿದೆ. ಅವರಿಗ್ಯಾಕೆ ಕಾಣಲ್ಲ?"

ಬೆಳ್ಳಗೆ ಬಂದಿದ್ದೇ ತೊಂದರೆ. ನಾನು ಕೆಲವು ವರ್ಷ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ರೋಗಿಗಳ ಫೋಟೋ ತೆಗೆಯುವ ಕೆಲಸ ಮಾಡಿದ್ದೇನೆ. ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ತುರಿಕೆಗೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದ್ದಾರೆ. ಆ ಎಣ್ಣೆಯ ಮೇಲೆ ಫ್ಲ್ಯಾಶ್ ಬಿದ್ದು ಕಲೆಯ ನಡುವೆಯೇ ಬಿಳಿ ಚುಕ್ಕೆ ಹೊಳೆಯುತ್ತಿದೆ. ಅಂಚೇ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆ ತೊಳೆಸಿ, ಜಗಲಿಯ ಕಿಟಕಿ ಪಕ್ಕ ಕೂರಿಸಿ, ಫ್ಲ್ಯಾಶ್ ಇಲ್ಲದೆ ತೆಗೆಸಿದೆವು. ಉಂಗುರದ ಹಾಗೆ ಎದ್ದ ಅಂಚು, ಅಂಚಿನ ಮೇಲೆ ಬಿಳಿ ಹೊಟ್ಟು, ನಡುವೆ ಸ್ವಲ್ಪ ತಿಳಿಯಾದ ಚರ್ಮ, ಎಲ್ಲ ಕಂಡಿತು. ಡಾಕ್ಟರು ನೋಡಿ ಗಜಕರ್ಣ ಅಂದರು, ಔಷಧಿ ಬರೆದರು. ಕಾಲು ಅದೇ, ಫೋನೂ ಅದೇ. ಎಣ್ಣೆ ಹೋಗಿತ್ತು, ಬೆಳಕು ಬದಲಾಗಿತ್ತು, ಅಷ್ಟೇ.

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ತಂದ ಮೇಲೆ ಫೋನಿನಲ್ಲಿ ಡಾಕ್ಟರಿಗೆ ತೋರಿಸುವುದು ಊರೂರಿಗೂ ಬಂದಿದೆ. ಇ-ಸಂಜೀವಿನಿಯಂಥ ಸರ್ಕಾರಿ ಸೇವೆಯೂ ಇದೆ. ಆದರೆ ಫೋಟೋ ಹೇಗೆ ತೆಗೆಯಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಷ್ಟು ತಿಳಿದುಕೊಳ್ಳಿ: ಚರ್ಮದ ಮೇಲೆ ಬಿದ್ದ ಬೆಳಕು ಎಲ್ಲಿಗೆ ಹೋಗುತ್ತದೆ

ಚರ್ಮದಿಂದ ನಮ್ಮ ಕಣ್ಣಿಗೆ ಎರಡು ಥರದ ಬೆಳಕು ಬರುತ್ತದೆ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಗೊತ್ತಾದರೆ ಮುಂದಿನ ಎಲ್ಲ ಹೆಜ್ಜೆ ಸುಲಭ.

ಒಂದನೆಯದು ಮೇಲ್ಮೈಯಿಂದಲೇ ವಾಪಸ್ ಜಿಗಿಯುವ ಬೆಳಕು. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4ರಿಂದ 5 ಪಾಲು ಹೀಗೆ ಒಳಗೆ ಹೋಗದೆಯೇ ತಿರುಗಿ ಬರುತ್ತದೆ. ಇದು ಚರ್ಮದ ಬಣ್ಣವನ್ನು ಮುಟ್ಟಿಯೇ ಇರುವುದಿಲ್ಲ. ಹಾಗಾಗಿ ಬಲ್ಬಿನ ಬಣ್ಣ ಏನೋ ಅದೇ ಬಣ್ಣದಲ್ಲಿ ಹೊಳೆಯುತ್ತದೆ. ಬೆವರಿದ ಹಣೆಯ ಮೇಲೆ ಕಾಣುವ ಬಿಳಿ ಹೊಳಪು ಇದೇ.

ಎರಡನೆಯದು ಒಳಗೆ ಹೋಗಿ ಸುತ್ತಾಡಿ ಬರುವ ಬೆಳಕು. ಮೈಯ ಬಹುಪಾಲು ಜಾಗಗಳಲ್ಲಿ ಚರ್ಮದ ಮೇಲಿನ ಪದರ 0.1 ಮಿಲಿಮೀಟರ್ ಆಸುಪಾಸು, ಅಷ್ಟು ತೆಳು. ಅಂಗೈ, ಅಂಗಾಲಿನಲ್ಲಿ ಮಾತ್ರ ದಪ್ಪ. ಬಣ್ಣ ಕೊಡುವ ಮೆಲನಿನ್ ಇರುವುದು ಈ ತೆಳು ಪದರದಲ್ಲೇ. ಅದರ ಕೆಳಗಿನ ದಪ್ಪ ಪದರದಲ್ಲಿ ಕೊಲಾಜೆನ್ ಎಳೆಗಳೂ ರಕ್ತನಾಳಗಳೂ ಇವೆ. ಬೆಳಕು ಈ ಎಳೆಗಳ ನಡುವೆ ದಾರಿ ತಪ್ಪಿದಂತೆ ಅತ್ತಿತ್ತ ಚದುರುತ್ತದೆ. ಹಾಲಿನ ಲೋಟಕ್ಕೆ ಟಾರ್ಚ್ ಬಿಟ್ಟರೆ ಬೆಳಕು ನೇರ ಹೋಗದೆ ಇಡೀ ಲೋಟವೇ ಬೆಳಗುತ್ತದಲ್ಲ, ಹಾಗೆ. ಚದುರುತ್ತಾ ಚದುರುತ್ತಾ ಒಂದಷ್ಟು ಬೆಳಕು ಮತ್ತೆ ಹೊರಗೆ ಬರುತ್ತದೆ. ಬರುವಾಗ ಮೆಲನಿನ್ನಿನ ಕಂದು, ರಕ್ತದ ಕೆಂಪು, ಎರಡನ್ನೂ ಹೊತ್ತು ತರುತ್ತದೆ. ಡಾಕ್ಟರಿಗೆ ಮುಖ್ಯವಾಗಿ ಬೇಕಾಗಿರುವುದು ಈ ಬೆಳಕು.

ಎಲ್ಲ ಬಣ್ಣವೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ನೀಲಿ ಬೆಳಕು ಮೇಲೆ ಮೇಲೆಯೇ ಚದುರಿ ಮುಗಿಯುತ್ತದೆ. ಕೆಂಪು ಇನ್ನೂ ಆಳಕ್ಕೆ ಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಫೋನಿನ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಡದ ಹಾಗೆ ಕೆಂಪಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಕೆಂಪನ್ನು ಮಾತ್ರ ಬಿಟ್ಟುಕೊಡುತ್ತದೆ. ಒಳಗಿನ ಮೂಳೆ ಮಾತ್ರ ಕಾಣುವುದಿಲ್ಲ, ಬೆಳಕು ಅಷ್ಟು ಚದುರಿಹೋಗಿರುತ್ತದೆ.

ಹುಟ್ಟಿದ ಮಗುವಿನ ಸೊಂಟದ ಹತ್ತಿರ ನೀಲಿ ಮಚ್ಚೆ ನೋಡಿದ್ದೀರಾ? ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಇರುತ್ತದೆ, ದೊಡ್ಡವರಾಗುತ್ತಾ ಸಾಮಾನ್ಯವಾಗಿ ಮಾಸಿಹೋಗುತ್ತದೆ. ಅಲ್ಲಿ ನೀಲಿ ಬಣ್ಣ ಅನ್ನುವುದೇ ಇಲ್ಲ. ಇರುವುದು ಅದೇ ಕಂದು ಮೆಲನಿನ್, ಆದರೆ ಆಳದಲ್ಲಿ. ಕೆಂಪು ಬೆಳಕು ಅಲ್ಲಿಯವರೆಗೆ ಇಳಿದು ಮೆಲನಿನ್ನಿಗೆ ಸಿಕ್ಕಿಬೀಳುತ್ತದೆ, ನೀಲಿ ಬೆಳಕು ಮೇಲಿನಿಂದಲೇ ಚದುರಿ ವಾಪಸ್ ಬರುತ್ತದೆ. ಅದಕ್ಕೆ ನೀಲಿ ಕಾಣುತ್ತದೆ. ಬಣ್ಣ ನೋಡಿ ಆಳ ಊಹಿಸುವುದು ಚರ್ಮದ ಡಾಕ್ಟರ ದಿನನಿತ್ಯದ ಕೆಲಸ. ಫೋಟೋದಲ್ಲಿ ಬಣ್ಣ ಕೆಟ್ಟರೆ ಆ ಊಹೆಯೂ ಕೆಡುತ್ತದೆ.

ಹೆಜ್ಜೆ 1: ಚರ್ಮವನ್ನು ಇದ್ದಂತೆ ಬಿಡಿ

ಚಳಿಗಾಲದಲ್ಲಿ ಒಣಗಿದ ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆಯಿರಿ. ಬಿಳಿ ಗೆರೆ ಮೂಡುತ್ತದೆ. ಈಗ ಅದರ ಮೇಲೆ ಒಂದು ಹನಿ ಎಣ್ಣೆ ಸವರಿ. ಗೆರೆ ಮಾಯ! ಆ ಬಿಳುಪು ಬಣ್ಣ ಅಲ್ಲ. ಒಣ ಚರ್ಮದ ಸಣ್ಣ ಪದರಗಳು ಎದ್ದು ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಬೆಳಕು ಗಾಳಿಗೂ ಪದರಕ್ಕೂ ನಡುವೆ ಮತ್ತೆ ಮತ್ತೆ ಬಡಿದು ಚದುರಿ ಬಿಳಿ ಕಾಣುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿಬಿಡುತ್ತದೆ, ಬೆಳಕು ನೇರ ಒಳಗೆ ಹೋಗುತ್ತದೆ.

ಗಜಕರ್ಣದ ಹೊಟ್ಟು, ಸೋರಿಯಾಸಿಸ್‌ನ ಬೆಳ್ಳಿಯಂಥ ಪದರ, ಸಿಬ್ಬಿನ ಮೇಲಿನ ನಯವಾದ ಪುಡಿ, ಇವೆಲ್ಲ ಕಾಣುವುದು ಹೀಗೇ. ಎಣ್ಣೆ ಹಚ್ಚಿ ಫೋಟೋ ತೆಗೆದರೆ ಡಾಕ್ಟರಿಗೆ ಬೇಕಾದ ಗುರುತನ್ನೇ ಅಳಿಸಿದ ಹಾಗೆ.

ಹಾಗಾಗಿ ಎಣ್ಣೆ, ಪೌಡರ್, ಅರಿಸಿನ, ವಿಭೂತಿ, ಕ್ಯಾಲಮೈನ್, ಏನಿದ್ದರೂ ಸಾದಾ ನೀರಿನಲ್ಲಿ ಮೆತ್ತಗೆ ತೊಳೆಯಿರಿ. ಉಜ್ಜಬೇಡಿ, ಹೊಟ್ಟು ಕಿತ್ತು ತೆಗೆಯಬೇಡಿ. ಬಟ್ಟೆಯಿಂದ ಒತ್ತಿ ಒರೆಸಿ 20 ನಿಮಿಷ ಸುಮ್ನೆ ಬಿಡಿ. ಬಿಸಿನೀರು ಸ್ನಾನ ಮಾಡಿದ ಕೂಡಲೇ ತೆಗೆಯಬೇಡಿ, ಆಗ ಚರ್ಮದ ರಕ್ತನಾಳಗಳು ಹಿಗ್ಗಿ ಎಲ್ಲವೂ ಕೆಂಪು ಕಾಣುತ್ತದೆ. ಅರಿಸಿನದ ಹಳದಿ ಎಷ್ಟು ತೊಳೆದರೂ ಉಳಿಯುತ್ತದೆ. ಉಳಿದರೆ ಚಿಂತೆ ಇಲ್ಲ, ಆದರೆ ಫೋಟೋ ಜೊತೆ "ಅರಿಸಿನ ಹಚ್ಚಿದ್ದೆವು" ಅಂತ ಬರೆಯಿರಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಬೇಸರ ತರುವ ವಿಷಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ತುರಿಕೆ ಕ್ರೀಮನ್ನು ಹಚ್ಚಿ, ಕಡಿಮೆಯಾಗದೆ ಇದ್ದಾಗ ಡಾಕ್ಟರಿಗೆ ತೋರಿಸುವವರೇ ಜಾಸ್ತಿ. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಂಪನ್ನು ತಗ್ಗಿಸುತ್ತದೆ, ಆದರೆ ಗಜಕರ್ಣ ತರುವ ಶಿಲೀಂಧ್ರ ಒಳಗೆ ಬೆಳೆಯುತ್ತಲೇ ಇರುತ್ತದೆ, ಉಂಗುರದ ಆಕಾರವೂ ಕೆಡುತ್ತದೆ. ಆಮೇಲೆ ಎಂಥಾ ಒಳ್ಳೆ ಬೆಳಕಿನಲ್ಲಿ ತೆಗೆದರೂ ಗುರುತಿಸುವುದು ಕಷ್ಟ. ಹಚ್ಚಿದ್ದರೆ ಮುಚ್ಚಿಡಬೇಡಿ. ಆ ಟ್ಯೂಬಿನ ಫೋಟೋವನ್ನೂ ಒಟ್ಟಿಗೆ ಕಳಿಸಿ.

ಹೆಜ್ಜೆ 2: ಕಿಟಕಿ ಹುಡುಕಿ

ನೇರ ಬಿಸಿಲು ಬೀಳದ, ಆದರೆ ಆಕಾಶ ಕಾಣುವ ಕಿಟಕಿ ಬೇಕು. ಉತ್ತರ ದಿಕ್ಕಿನ ಕಿಟಕಿ ಇದ್ದರೆ ಅದೇ ಒಳ್ಳೆಯದು. ಬೆಳಿಗ್ಗೆ 9ರಿಂದ ಮಧ್ಯಾಹ್ನ 4ರ ಒಳಗೆ ತೆಗೆಯಿರಿ. ಮೋಡ ಇದ್ದರೆ ಇನ್ನೂ ಒಳ್ಳೆಯದು, ಇಡೀ ಆಕಾಶವೇ ಮೆತ್ತನೆಯ ದೀಪದ ಹಾಗೆ ಬೆಳಗುತ್ತದೆ, ಹೊಳಪಿನ ಚುಕ್ಕೆ ಬೀಳುವುದಿಲ್ಲ.

ಕೋಣೆಯ ಬಲ್ಬ್, ಟ್ಯೂಬ್‌ಲೈಟ್ ಎರಡನ್ನೂ ಆರಿಸಿ. ಕಿಟಕಿಯ ಬೆಳಕೂ ಹಳದಿ ಬಲ್ಬೂ ಬೆರೆತರೆ ಕಾಲಿನ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಹಳದಿ ಬರುತ್ತದೆ. ಆಗ ಕ್ಯಾಮೆರಾಗೆ ಬಣ್ಣ ಸರಿಪಡಿಸಲು ಆಗುವುದಿಲ್ಲ. ಕಾಮಾಲೆ ಇದೆಯೋ ಇಲ್ಲವೋ ಅಂತ ಹಳದಿ ಬಲ್ಬಿನ ಕೆಳಗೆ ಮಗುವಿನ ಮೈ ನೋಡುವುದು ಅದಕ್ಕೇ ತಪ್ಪು. ಹಗಲು ಬೆಳಕಿನಲ್ಲಿ, ಕಣ್ಣಿನ ಬಿಳಿ ಭಾಗ ಮತ್ತು ವಸಡು ನೋಡಬೇಕು. ಅನುಮಾನ ಬಂದರೆ ಫೋಟೋ ಬಿಟ್ಟು ಮಗುವನ್ನೇ ಕರೆದುಕೊಂಡು ಹೋಗಿ.

ಸುತ್ತ ಇರುವ ಬಣ್ಣವೂ ಚರ್ಮದ ಮೇಲೆ ಬೀಳುತ್ತದೆ. ಅಂಗಳಕ್ಕೆ ಹಸಿರು ಶೇಡ್ ನೆಟ್ ಕಟ್ಟಿದ್ದರೆ, ಮಾಡಿಗೆ ನೀಲಿ ಟಾರ್ಪಾಲಿನ್ ಹೊದಿಸಿದ್ದರೆ ಅದರ ಕೆಳಗೆ ತೆಗೆಯಬೇಡಿ. ಒಮ್ಮೆ ಒಬ್ಬರ ಮುಖದ ಬಂಗಿನ ಫೋಟೋದಲ್ಲಿ ಗಲ್ಲದ ಕೆಳಗೆಲ್ಲ ಕೆಂಪು ಕಂಡಿತು. ಅವರು ಉಟ್ಟಿದ್ದ ಕೆಂಪು ಸೀರೆಯ ಸೆರಗಿನ ಬಣ್ಣ ಅದು. ಹೆಗಲ ಮೇಲೆ ಬಿಳಿ ಟವೆಲ್ ಹೊದಿಸಿ ಮತ್ತೆ ತೆಗೆದಾಗ ಕೆಂಪು ಇರಲಿಲ್ಲ.

ಫ್ಲ್ಯಾಶ್ ಬೇಡ. ಅದು ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಮೇಲ್ಮೈಯ ಹೊಳಪು ನೇರ ಲೆನ್ಸಿಗೇ ಬಂದು ಬಡಿಯುತ್ತದೆ, ಒಳಗಿನಿಂದ ಬಂದ ಬೆಳಕನ್ನು ಮುಚ್ಚಿಹಾಕುತ್ತದೆ. ಬಾಯಿಯ ಒಳಗಿನ ಹುಣ್ಣಿಗೆ ಬೇರೆ ದಾರಿ ಇಲ್ಲ, ಅಲ್ಲಿ ಇನ್ನೊಬ್ಬರು ಟಾರ್ಚನ್ನು ಪಕ್ಕದಿಂದ ಹಿಡಿಯಲಿ.

ಹೆಜ್ಜೆ 3: ಹಿಂದೆ ಒಂದು ಬಟ್ಟೆ, ಪಕ್ಕ ಒಂದು ಸ್ಕೇಲು

ಬೂದು ಅಥವಾ ಮಾಸಲು ನೀಲಿ ಬಣ್ಣದ ಬಟ್ಟೆ ಹಾಸಿ ಅದರ ಮೇಲೆ ಕೈಯೋ ಕಾಲೋ ಇಡಿ. ಅಪ್ಪಟ ಬಿಳಿ ಬೆಡ್‌ಶೀಟ್ ಬೇಡ. ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ತಾನಾಗಿ ಬೆಳಕು ತಗ್ಗಿಸುತ್ತದೆ, ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮ ಇನ್ನೂ ಕತ್ತಲಾಗಿ ಬರುತ್ತದೆ. ಆದರೆ ಒಂದು ಮೂಲೆಯಲ್ಲಿ ಬಿಳಿ ಕಾಗದದ ಸಣ್ಣ ಚೂರು ಇರಲಿ. ಬಣ್ಣ ಎಷ್ಟು ವಾಲಿದೆ ಅಂತ ನೋಡುವವರಿಗೆ ಅದರಿಂದ ತಿಳಿಯುತ್ತದೆ.

ಅಳತೆಗೆ ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲು ಇಡಿ. ನಾಣ್ಯ ಬೇಡ, ಒಂದು ರೂಪಾಯಿಯೇ ಎಷ್ಟು ಗಾತ್ರದಲ್ಲಿ ಬಂದಿದೆ ನೋಡಿ.

ಹೆಜ್ಜೆ 4: ಫೋನ್

ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಬ್ಯೂಟಿ ಮೋಡ್ ಆಫ್ ಮಾಡಿ. ಅದರ ಕೆಲಸವೇ ಕಲೆ ಅಳಿಸುವುದು. ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನ ಕ್ಯಾಮೆರಾದಲ್ಲಿ ಇನ್ನೊಬ್ಬರು ತೆಗೆಯಲಿ.

ಹತ್ತಿರ ಹೋದಷ್ಟೂ ಚೆನ್ನಾಗಿ ಬರುತ್ತದೆ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ತೀರಾ ಹತ್ತಿರ ಹೋದರೆ ಫೋಕಸ್ ಹಿಡಿಯುವುದಿಲ್ಲ, ಜೊತೆಗೆ ಫೋನಿನ ನೆರಳೇ ಕಲೆಯ ಮೇಲೆ ಬೀಳುತ್ತದೆ. ಒಂದು ಗೇಣು ದೂರ ನಿಂತು 2 ಪಟ್ಟು ಜೂಮ್ ಮಾಡಿ. ಪರದೆಯ ಮೇಲೆ ಕಲೆ ಇರುವ ಜಾಗವನ್ನು ಬೆರಳಿನಿಂದ ಮುಟ್ಟಿ, ಫೋಕಸ್ ಅಲ್ಲಿಗೆ ಬರುತ್ತದೆ. ಮೊಣಕೈಯನ್ನು ಮೇಜಿಗೋ ಮಂಡಿಗೋ ಆನಿಸಿ, ಉಸಿರು ಹಿಡಿದು ಕ್ಲಿಕ್ ಮಾಡಿ. ತೆಗೆದ ಮೇಲೆ ದೊಡ್ಡದು ಮಾಡಿ ನೋಡಿ. ಕಲೆಯ ಸುತ್ತಲ ಕೂದಲು ಎಳೆ ಎಳೆಯಾಗಿ ಕಂಡರೆ ಫೋಟೋ ಸರಿಯಾಗಿದೆ.

ಹೆಜ್ಜೆ 5: ನಾಲ್ಕು ಫೋಟೋ, ಅದರಲ್ಲಿ ಒಂದು ಅಡ್ಡ ಬೆಳಕಿನಲ್ಲಿ

ಮೊದಲನೆಯದು ದೂರದಿಂದ, ಮೈಯ ಯಾವ ಭಾಗ ಅಂತ ಗೊತ್ತಾಗಲು. ಎರಡನೆಯದು ಸ್ವಲ್ಪ ಹತ್ತಿರದಿಂದ, ಎಷ್ಟು ಹರಡಿದೆ ಅಂತ ತಿಳಿಯಲು. ಮೂರನೆಯದು ಕಲೆಯ ಹತ್ತಿರದ ಫೋಟೋ. ಈ ಮೂರನ್ನು ಹೇಗೋ ಎಲ್ಲರೂ ತೆಗೆಯುತ್ತಾರೆ.

ನಾಲ್ಕನೆಯದನ್ನು ಯಾರೂ ತೆಗೆಯುವುದಿಲ್ಲ, ಅದರಲ್ಲೇ ಎಷ್ಟೋ ವಿಷಯ ಇರುತ್ತದೆ. ಹಳೆಯ ದೇವಸ್ಥಾನದ ಮುಂದೆ ಸವೆದ ಶಾಸನ ಓದಲು ಪ್ರಯತ್ನಿಸಿದ್ದೀರಾ? ನಡುಮಧ್ಯಾಹ್ನ ನೋಡಿದರೆ ಬರೀ ಕಲ್ಲು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿದಾಗ ಒಂದೊಂದೇ ಅಕ್ಷರ ಏಳುತ್ತದೆ. ಸಣ್ಣ ತಗ್ಗಿಗೂ ಒಂದು ನೆರಳು ಬೀಳುತ್ತದೆ, ಆ ನೆರಳನ್ನೇ ನಾವು ಓದುತ್ತೇವೆ.

ಚರ್ಮಕ್ಕೂ ಅದೇ ಉಪಾಯ. ಕಿಟಕಿಗೆ ಅಡ್ಡಲಾಗಿ ಕೂತು, ಬೆಳಕು ಚರ್ಮವನ್ನು ಸವರಿಕೊಂಡು ಹೋಗುವಂತೆ ತಿರುಗಿಸಿ. ಆಗ ಚಪ್ಪಟೆ ಕಲೆ ಯಾವುದು, ಉಬ್ಬಿದ ಗುಳ್ಳೆ ಯಾವುದು, ಅಂಚು ಎದ್ದಿದೆಯೋ ನಡು ತಗ್ಗಿದೆಯೋ ಎಲ್ಲ ನೆರಳಿನಿಂದ ಕಾಣುತ್ತದೆ. ಪಿತ್ತದ ಗಂಧೆಗಳಂತೂ ಕಂದು ಚರ್ಮದಲ್ಲಿ ಬಣ್ಣಕ್ಕಿಂತ ಈ ನೆರಳಿನಲ್ಲೇ ಚೆನ್ನಾಗಿ ಸಿಗುತ್ತವೆ. ಜೊತೆಗೆ ಅವು ಗಂಟೆಗಳಲ್ಲಿ ಮಾಯವಾಗುತ್ತವೆ. ಡಾಕ್ಟರು ಸಿಗುವವರೆಗೆ ಕಾಯದೆ ಎದ್ದಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 6: ಕೆಂಪನ್ನೇ ಹುಡುಕಬೇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಜನ ಫೋನಿನಲ್ಲಿ ಹೇಳುವುದು ಒಂದೇ, "ಕೆಂಪಗಂತೂ ಆಗಿಲ್ಲ ಡಾಕ್ಟ್ರೇ." ಅದನ್ನು ನಂಬಿಕೊಂಡು ಉರಿಯೂತ ಇಲ್ಲ ಅಂದುಕೊಂಡರೆ ಮೋಸ ಹೋದಂತೆ.

ಉರಿಯೂತ ಆದಾಗ ರಕ್ತನಾಳಗಳು ಹಿಗ್ಗುತ್ತವೆ. ತುಂಬಿಕೊಂಡ ರಕ್ತ ಹಸಿರು ಬೆಳಕನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಬಿಳಿ ಚರ್ಮದಲ್ಲಿ ಆ ಜಾಗ ಕೆಂಪು ಕಾಣುತ್ತದೆ. ನಮ್ಮ ಚರ್ಮದಲ್ಲಿ ರಕ್ತದ ಮೇಲೆ ಮೆಲನಿನ್ನಿನ ಪರದೆ ಇದೆ. ಅದು ನೀಲಿ, ಹಸಿರು ಬೆಳಕನ್ನು ಹೋಗುವಾಗಲೂ ಹೀರುತ್ತದೆ, ಬರುವಾಗಲೂ ಹೀರುತ್ತದೆ. ರಕ್ತ ಹೀರಬೇಕಿದ್ದ ಹಸಿರು ಮೊದಲೇ ಕಮ್ಮಿಯಾಗಿರುತ್ತದೆ. ಹೀಗಾಗಿ ಅದೇ ಉರಿಯೂತ ನಮ್ಮ ಮೈಮೇಲೆ ನೇರಳೆ ಛಾಯೆ, ಗಾಢ ಕಂದು ಅಥವಾ ಬೂದು ಬಣ್ಣ ತಾಳುತ್ತದೆ. ಕೆಲವೊಮ್ಮೆ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಅದಕ್ಕೆ ಮಾಡಬೇಕಾದದ್ದು ಇಷ್ಟು. ಎಡಗಾಲಿನಲ್ಲಿ ತೊಂದರೆ ಇದ್ದರೆ ಬಲಗಾಲಿನ ಅದೇ ಜಾಗದ ಫೋಟೋವನ್ನೂ ಅದೇ ಬೆಳಕಿನಲ್ಲಿ ತೆಗೆದು ಕಳಿಸಿ. ಎರಡೂ ಕಾಲು ಒಂದೇ ಚೌಕಟ್ಟಿನಲ್ಲಿ ಬಂದರೆ ಇನ್ನೂ ಒಳ್ಳೆಯದು. ಆಮೇಲೆ ಕೈ ಹಿಂಭಾಗದಿಂದ ಮುಟ್ಟಿ ನೋಡಿ: ಬಿಸಿ ಇದೆಯಾ, ಊದಿದೆಯಾ, ಒತ್ತಿದರೆ ನೋವಾ? ಕ್ಯಾಮೆರಾಗೆ ಕಾಣದ್ದು ಇದು. ಅದನ್ನು ಮಾತಿನಲ್ಲಿ ಬರೆಯಿರಿ.

ಚರ್ಮದ ಬಣ್ಣವನ್ನು 1ರಿಂದ 6ರವರೆಗೆ ವಿಂಗಡಿಸುವ ಒಂದು ಪಟ್ಟಿ ಇದೆ. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು. ಬಿಳಿ ಚರ್ಮದವರಿಗೆ ನೇರಳಾತೀತ ಕಿರಣದ ಚಿಕಿತ್ಸೆ ಎಷ್ಟು ಕೊಡಬೇಕು ಅಂತ ನಿರ್ಧರಿಸಲು ಅದು ಹುಟ್ಟಿತು. ಕಂದು ಮತ್ತು ಕಪ್ಪು ಚರ್ಮ ಅದರೊಳಗೆ ಸೇರಿದ್ದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು 4 ಮತ್ತು 5ರ ಸುತ್ತ ಬರುತ್ತಾರೆ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ರಕ್ತದ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸುವ ಪಲ್ಸ್ ಆಕ್ಸಿಮೀಟರನ್ನೂ ಇಲ್ಲಿ ನೆನೆಯಬೇಕು, ಅದರದ್ದೂ ಇದೇ ಕಥೆ. ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ 1970ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು. ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತಾರೆ: ಸುಮಾರು 660 ನ್ಯಾನೋಮೀಟರಿನ ಕೆಂಪು, ಸುಮಾರು 940ರ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಇವೆರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಬಡಿದಾಗ ಬದಲಾಗುವ ಪಾಲನ್ನು ಮಾತ್ರ ಹಿಡಿದು ಲೆಕ್ಕ ಹಾಕಿದರೆ ಚರ್ಮ, ಮೂಳೆ, ಉಗುರು ಎಲ್ಲ ಲೆಕ್ಕದಿಂದ ಹೊರಗೆ ಹೋಗುತ್ತವೆ. ಎಷ್ಟು ಚೆಂದದ ಯೋಚನೆ ನೋಡಿ. ಆದರೂ ಚರ್ಮದ ಬಣ್ಣ ಪೂರ್ತಿ ಹೊರಗೆ ಹೋಗಲಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ಪರೀಕ್ಷೆಯಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗೆ ಇದ್ದದ್ದು ಕಪ್ಪು ರೋಗಿಗಳಲ್ಲಿ ನೂರಕ್ಕೆ 11.7 ಸಲ, ಬಿಳಿ ರೋಗಿಗಳಲ್ಲಿ 3.6 ಸಲ.

ಮನೆಯಲ್ಲಿ ಆಕ್ಸಿಮೀಟರ್ ಹಾಕುವಾಗ ಗಾಢ ಬಣ್ಣದ ನೇಲ್ ಪಾಲಿಶ್ ತೆಗೆಯಿರಿ, ತಣ್ಣಗಿದ್ದರೆ ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನೆಲೆಗೊಳ್ಳುವವರೆಗೆ ಕೈ ಅಲ್ಲಾಡಿಸಬೇಡಿ. ಏದುಸಿರು ಬರುತ್ತಿದೆ, ಆದರೆ ಯಂತ್ರ 94 ತೋರಿಸುತ್ತಿದೆ ಅಂದರೆ ಏದುಸಿರನ್ನೇ ನಂಬಿ ಆಸ್ಪತ್ರೆಗೆ ಹೋಗಿ.

ಹೆಜ್ಜೆ 7: ಗಾಜಿನ ಲೋಟ ಒತ್ತಿ ನೋಡಿ

ಪಾರದರ್ಶಕ ಗಾಜಿನ ಲೋಟದ ಪಕ್ಕವನ್ನು ಕಲೆಯ ಮೇಲೆ ಗಟ್ಟಿಯಾಗಿ ಒತ್ತಿ. ರಕ್ತ ನಾಳದೊಳಗೇ ಇದ್ದರೆ ಒತ್ತಿದಾಗ ಪಕ್ಕಕ್ಕೆ ಸರಿಯುತ್ತದೆ, ಬಣ್ಣ ಮಾಸುತ್ತದೆ. ನಾಳ ಒಡೆದು ರಕ್ತ ಹೊರಗೆ ಸೋರಿದ್ದರೆ ಎಷ್ಟು ಒತ್ತಿದರೂ ಹೋಗುವುದಿಲ್ಲ. ಒತ್ತಿದಾಗ ಗಾಜಿನ ಮೂಲಕ ಒಂದು ಫೋಟೋ ತೆಗೆಯಿರಿ.

ಜ್ವರದ ಜೊತೆ ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಬಂದಿದ್ದರೆ ಫೋಟೋ, ಮೆಸೇಜು ಎಲ್ಲ ಬಿಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಕಪ್ಪು ಚರ್ಮದಲ್ಲಿ ಇಂಥ ಚುಕ್ಕೆ ಕಾಣುವುದು ಕಷ್ಟ. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಗೆ, ಬಾಯಿಯ ಅಂಗುಳಿನಲ್ಲಿ ಹುಡುಕಿ.

ಹೆಜ್ಜೆ 8: ಕಳಿಸುವುದು

ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ತೆಗೆದಂತೆಯೇ ತಲುಪುತ್ತದೆ. ಫಿಲ್ಟರ್ ಹಾಕಬೇಡಿ, ಬ್ರೈಟ್‌ನೆಸ್ ಏರಿಸಬೇಡಿ. ಜೊತೆಗೆ ನಾಲ್ಕು ಸಾಲು ಬರೆಯಿರಿ: ಎಷ್ಟು ದಿನದಿಂದ, ಎಲ್ಲಿ ಶುರುವಾಯಿತು, ತುರಿಕೆಯೋ ನೋವೋ, ಏನು ಹಚ್ಚಿದ್ದೀರಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ.

ಬೇಕಿಲ್ಲದಿದ್ದರೆ ಮುಖ ಬರದಂತೆ ತೆಗೆಯಿರಿ. ಮೈಯ ಮುಚ್ಚಿದ ಭಾಗದ ಫೋಟೋ ಆದರೆ, ಅದರಲ್ಲೂ ಮಕ್ಕಳದ್ದು ಆದರೆ, ಫೋನಿನಲ್ಲಿ ಕಳಿಸದೆ ಹೋಗಿ ತೋರಿಸುವುದೇ ಸರಿ ಅಂತ ನನ್ನ ಅಭಿಪ್ರಾಯ. ಕುಟುಂಬದ ಗ್ರೂಪಿಗೆ ತಪ್ಪಿ ಹೋದ ಫೋಟೋದಿಂದ ಅತ್ತ ಹೆಣ್ಣುಮಗಳೊಬ್ಬಳನ್ನು ನಾನು ನೋಡಿದ್ದೇನೆ. ಕಳಿಸುವ ಮುಂಚೆ ಹೆಸರು ಎರಡು ಸಲ ನೋಡಿ.

ಫೋನಿಗೆ ಆಗದ್ದು, ಡಾಕ್ಟರ ಬೆಳಕಿಗೆ ಆಗುವುದು

ಡಾಕ್ಟರ ಮೇಜಿನ ಮೇಲೆ ಸಣ್ಣ ಭೂತಗನ್ನಡಿಯಂಥದ್ದು ಇರುತ್ತದೆ, ಡರ್ಮೋಸ್ಕೋಪ್. ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ದೊಡ್ಡದು ಮಾಡುವುದಕ್ಕಿಂತ ಹೊಳಪು ತೆಗೆಯುವುದೇ ಅದರ ಹೆಚ್ಚುಗಾರಿಕೆ. ಒಂದು ಫಿಲ್ಟರ್ ಮೂಲಕ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಚರ್ಮದ ಮೇಲೆ ಬಿಡುತ್ತದೆ. ಮೇಲ್ಮೈಯಿಂದ ಜಿಗಿದ ಬೆಳಕು ಆ ದಿಕ್ಕನ್ನು ಉಳಿಸಿಕೊಂಡೇ ಬರುತ್ತದೆ. ಒಳಗೆ ಸುತ್ತಾಡಿ ಬಂದ ಬೆಳಕು ದಿಕ್ಕು ಮರೆತಿರುತ್ತದೆ. ಎದುರಿಗೆ ಅಡ್ಡ ಹಿಡಿದ ಇನ್ನೊಂದು ಫಿಲ್ಟರ್ ಮೊದಲನೆಯದನ್ನು ತಡೆದು ಎರಡನೆಯದರಲ್ಲಿ ಒಂದು ಪಾಲನ್ನು ಬಿಡುತ್ತದೆ. ಆರಂಭದಲ್ಲಿ ಹೇಳಿದ ಎರಡು ಬೆಳಕನ್ನು ಈ ಉಪಕರಣ ಬೇರ್ಪಡಿಸಿ ಕೊಡುತ್ತದೆ, ಚರ್ಮ ಕಿಟಕಿಯ ಗಾಜಿನ ಹಾಗೆ ತೆರೆದುಕೊಳ್ಳುತ್ತದೆ.

ಇನ್ನೊಂದು ವುಡ್ಸ್ ಲ್ಯಾಂಪ್. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ಮಾಡಿದ ಫಿಲ್ಟರಿನಿಂದ ಈ ಹೆಸರು. ಕತ್ತಲೆ ಕೋಣೆಯಲ್ಲಿ ಸುಮಾರು 365 ನ್ಯಾನೋಮೀಟರಿನ ನೇರಳಾತೀತ ಬೆಳಕು ಬಿಡುತ್ತಾರೆ. ತೊನ್ನು ಇರುವ ಕಡೆ ಮೆಲನಿನ್ ಇಲ್ಲದೆ ಬೆಳಕು ಅಡ್ಡಿಯಿಲ್ಲದೆ ಒಳಗೆ ಹೋಗಿ, ಆ ಜಾಗ ನೀಲಿ ಬಿಳುಪಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಅಂಚೂ ಕಾಣುತ್ತದೆ. ನೋಟು ಪರೀಕ್ಷಿಸುವ ಟಾರ್ಚಿನಿಂದ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಕಣ್ಣಿಗೆ ಕೆಟ್ಟದ್ದು.

ಬಿಳಿಚಿದ ಮಚ್ಚೆ ಇದ್ದು ಅಲ್ಲಿ ಮುಟ್ಟಿದರೆ ಗೊತ್ತಾಗದೆ ಇದ್ದರೆ ಫೋಟೋ ಸಾಲದು. ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ, ಮುಚ್ಚಿಡುವ ಕಾರಣವೇ ಇಲ್ಲ. ಬೆಳೆಯುತ್ತಿರುವ ಅಥವಾ ಬಣ್ಣ ಬದಲಿಸುತ್ತಿರುವ ಕಪ್ಪು ಮಚ್ಚೆ, ಅದರಲ್ಲೂ ಅಂಗಾಲು, ಅಂಗೈ, ಉಗುರಿನ ಅಡಿ ಇದ್ದರೆ ಹೋಗಿ ತೋರಿಸಿ. ಹೊಸ ಮಾತ್ರೆ ಶುರು ಮಾಡಿದ ಮೇಲೆ ಬಾಯಲ್ಲಿ ಹುಣ್ಣು, ಮೈಮೇಲೆ ನೀರ್ಗುಳ್ಳೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹಾಳೆ ಕೈಯಲ್ಲಿರಲಿ.

ಹೆಜ್ಜೆ 9: ಎರಡನೇ ಫೋಟೋ

ಔಷಧಿ ಕೊಟ್ಟ ಮೇಲೆ ಡಾಕ್ಟರು ಎರಡು ವಾರ ಬಿಟ್ಟು ಇನ್ನೊಂದು ಫೋಟೋ ಕೇಳುತ್ತಾರೆ. ಅದನ್ನು ಬೇರೆ ಬೆಳಕಿನಲ್ಲಿ ತೆಗೆದರೆ ಕಲೆ ಕಮ್ಮಿಯಾಯಿತೋ ಬೆಳಕು ಬದಲಾಯಿತೋ ಹೇಳಲು ಬರುವುದಿಲ್ಲ. ಅದೇ ಕಿಟಕಿ, ಅದೇ ಹೊತ್ತು, ಅದೇ ಬಟ್ಟೆ, ಅದೇ ಸ್ಕೇಲು ಇರಲಿ.

ದೊಡ್ಡಮ್ಮನ ಮನೆಯಲ್ಲಿ ಮೊಮ್ಮಗ ಇದಕ್ಕೆ ಒಳ್ಳೆ ಉಪಾಯ ಮಾಡಿದ್ದಾನೆ. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಅಜ್ಜಿ ಕೂರುವ ಮಣೆಗೆ ಒಂದು ಗುರುತು, ತಾನು ನಿಲ್ಲುವ ಜಾಗಕ್ಕೆ ಇನ್ನೊಂದು ಗುರುತು ಹಾಕಿದ್ದಾನೆ. ಮೊದಲ ಫೋಟೋವನ್ನು ಅಪ್ಪನ ಫೋನಿನಲ್ಲಿ ತೆರೆದು ಪಕ್ಕಕ್ಕೆ ಇಟ್ಟುಕೊಂಡು, ಅದೇ ಕೋನ ಬರುವವರೆಗೆ ಅಜ್ಜಿಯ ಕಾಲು ತಿರುಗಿಸುತ್ತಾನೆ.